ಚೆಕಿಂಗ್ ಸಾರ್ ನಟಿಸಲೇ ಇಲ್ಲವಂತೆ

ಮದುವೆ ಕಾಗದ ಕೊಡಲು ಹೋದರೆ ರಾಜಾಜಿನಗರದ ಬೇರೆ ಜನರೆಲ್ಲ ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು "ಬಹಳ ಸಂತೋಷ" ಅನ್ನುತ್ತಾರೆ. ನಮ್ಮ ಎದುರುಮನೆಯವರು ಮಾತ್ರ ಮೊದಲು ಅದನ್ನು ಬೆಳಕಿಗೆ ಹಿಡಿಯುತ್ತಿದ್ದರು. ಆಮೇಲೆ ತಿರುಗಿಸಿ ಹಿಂಬದಿ ನೋಡುತ್ತಿದ್ದರು. ಕೊನೆಗೆ ಉಗುರಿನಿಂದ ಮೂಲೆಯನ್ನು ಒಂದು ಚೂರು ಹರಿದು, ಕೊಟ್ಟವರ ಕೈಗೇ ವಾಪಸ್ ಕೊಟ್ಟು, ಮುಂದಿನವರ ಕಡೆ ನೋಡುತ್ತಿದ್ದರು. ಮುಂದಿನವರು ಯಾರೂ ಇರುತ್ತಿರಲಿಲ್ಲ. ಒಳಗಿನಿಂದ ಅವರ ಹೆಂಡತಿ, ನಮಗೆಲ್ಲ ಆಂಟಿ, ಓಡಿಬಂದು, "ಅಯ್ಯ, ಅದು ನಮಗ ಕೊಟ್ಟಿದ್ದು ಕಣ್ರೀ, ಈಸ್ಕೊಳ್ರೀ" ಎಂದು ಕಾಗದ ಉಳಿಸಿಕೊಳ್ಳುತ್ತಿದ್ದರು. ನನ್ನ ಅಕ್ಕನ ಮದುವೆ ಕಾಗದಕ್ಕೂ ಇದೇ ಗತಿಯಾಯಿತು. ಮದುವೆ ಮಾತ್ರ ಸರಿಯಾಗಿ ನಡೆಯಿತು, ಏಕೆಂದರೆ ಸಾರ್ ಪಾಸ್ ಮಾಡಿದ್ದರು.

ಅವರು ಸಿಟಿ ಬಸ್ಸಿನ ಟಿಕೆಟ್ ಚೆಕಿಂಗ್ ಇನ್ಸ್‌ಪೆಕ್ಟರ್. ರಸ್ತೆಗೆಲ್ಲ ಚೆಕಿಂಗ್ ಸಾರ್. ಹೋದ ತಿಂಗಳು ರಿಟೈರ್ ಆದರು. ಅವತ್ತು ವಿಜಯನಗರದಿಂದ ಮೆಜೆಸ್ಟಿಕ್‌ವರೆಗೆ ಫುಟ್‌ಬೋರ್ಡಿನ ಮೇಲೆ ನಿಲ್ಲುವ ಕಾಲೇಜು ಹುಡುಗರು ಒಂದು ಹಬ್ಬ ಆಚರಿಸಿದ್ದರೆ ಆಶ್ಚರ್ಯವಿಲ್ಲ. ನಮ್ಮ ಕಾಲೇಜಿನ ಓಟದ ಸ್ಪರ್ಧೆಯ ಕಪ್ಪುಗಳೆಲ್ಲ ನ್ಯಾಯವಾಗಿ ಅವರ ಮನೆಯಲ್ಲಿರಬೇಕು. ಖಾಕಿ ಕೋಟು ಬಸ್ ಸ್ಟಾಪಿನ ಕಂಬದ ಹಿಂದೆ ಕಂಡಿತೆಂದರೆ, ಬೆಳಗಿನ ತಿಂಡಿ ತಿಂದಿರದ ಹುಡುಗ ಕೂಡ ಓಡುವ ಬಸ್ಸಿನಿಂದ ಹಾರಿ, ಬಸ್ಸಿಗಿಂತ ಮುಂಚೆ ಕಾಲೇಜು ತಲುಪುತ್ತಿದ್ದ.

ಭಯಕ್ಕೆ ಕಾರಣ ಅವರ ಗಂಟಲಲ್ಲ. ಅವರು ಬಸ್ಸಿನಲ್ಲಿ ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ. ಟಿಕೆಟ್ ತೆಗೆದುಕೊಳ್ಳುವರು, ನೋಡುವರು, ವಾಪಸ್ ಕೊಡುವರು. ಆ ನೋಡುವುದಿದೆಯಲ್ಲ, ಅಷ್ಟೇ ಸಾಕಾಗಿತ್ತು. ಸರಿಯಾದ ಟಿಕೆಟ್ ಇಟ್ಟುಕೊಂಡವನೂ ತಾನು ಹುಟ್ಟಿದ್ದೇ ಯಾವುದೋ ತಪ್ಪು ಸ್ಟಾಪಿನಲ್ಲಿ ಎಂದು ಅನುಮಾನಪಡುತ್ತಿದ್ದ.

ಇಂಥವರಿಗೆ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ: ನಟನಾಗಬೇಕು. ಆಗಬೇಕೇನು, ಅವರ ಲೆಕ್ಕದಲ್ಲಿ ಆಗಲೇ ಆಗಿದ್ದರು. ಇಪ್ಪತ್ತು ವರ್ಷದಿಂದ ನೌಕರರ ಸಂಘದ ರಾಜ್ಯೋತ್ಸವದ ನಾಟಕಗಳಲ್ಲಿ ಅವರು ಇಲ್ಲದೆ ಪರದೆ ಎದ್ದಿದ್ದಿಲ್ಲ. ದ್ವಾರಪಾಲಕ, ದೂತ, ಎರಡನೇ ಮಂತ್ರಿ, ಯುದ್ಧದಲ್ಲಿ ಮೊದಲು ಸಾಯುವ ಸೈನಿಕ. ಒಂದು ವರ್ಷ ಸತ್ತ ಮೇಲೂ ಸ್ವಲ್ಪ ಹೊತ್ತು ಮಾತಾಡಿದರೆಂದು ಆಂಟಿ ಹೇಳುತ್ತಿದ್ದರು. ನಾಟಕವಾದ ಮೇಲೆ ಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಬರುತ್ತಿತ್ತು. ರಾಜನ ಹೆಸರು, ರಾಣಿಯ ಹೆಸರು, ಮೊದಲನೇ ಮಂತ್ರಿಯ ಹೆಸರು, ಕೊನೆಗೆ "ಮುಂತಾದವರು". ಪ್ರತಿ ವರ್ಷವೂ ಸಾರ್ ಆ ಮುಂತಾದವರಲ್ಲಿ ಇರುತ್ತಿದ್ದರು.

"ನಮ್ಮ ಮನೆಯವ್ರು ಆಡಿದ್ ನಾಟಕ ಎಲ್ಲ ಪೇಪರ್ನಾಗ ಬರತೈತಿ" ಎಂದು ದಾವಣಗೆರೆ ಕಡೆಯ ಆಂಟಿ ನಗುತ್ತಿದ್ದರು. "ಹೆಸರೊಂದು ಬಿಟ್ಟು."

ಸಾರ್ ನಗುತ್ತಿರಲಿಲ್ಲ. ನನಗೆ ಒಮ್ಮೆ ಜಗುಲಿಯ ಮೇಲೆ ಕೂರಿಸಿಕೊಂಡು ವಿವರಿಸಿದರು. "ನೋಡೋ, ಚೆನ್ನಾಗ್ ಮಾಡಿದ್ರಿ ಅಂತ ಮನೇವ್ರು ಹೇಳ್ತಾರೆ, ಅಕ್ಕಪಕ್ಕದೋರು ಹೇಳ್ತಾರೆ. ಅದು ಮರ್ಯಾದೆಗೆ. ನೋಡೋದೇ ಕೆಲಸ ಮಾಡ್ಕೊಂಡಿರೋನು ಒಬ್ಬ, ನೋಡಿ, ಹೆಸರು ಹಾಕಿ, ಈ ಮನುಷ್ಯ ಹಿಂಗ್ ನಟಿಸ್ದ ಅಂತ ಒಂದು ಸಾಲು ಬರೀಬೇಕು. ಒಳ್ಳೇದೋ ಕೆಟ್ಟದ್ದೋ. ಅಲ್ಲೀವರ್ಗೂ ನಾನು ಟಿಕೆಟ್ ಇಲ್ದೆ ಓಡಾಡ್ತಿರೋ ಪ್ಯಾಸೆಂಜರ್ರೇ."

ರಿಟೈರಾಗಲು ಆಗ ಒಂದು ವರ್ಷ ಉಳಿದಿತ್ತು. ರಿಟೈರಾದರೆ ಸಂಘದ ನಾಟಕವೂ ಮುಗಿಯುತ್ತಿತ್ತು.

ಅಷ್ಟರಲ್ಲಿ ಸೀನನ ಮಾವ ಸಿಂಗಪುರದಿಂದ ಬಂದರು. ಸೀನ ನಮ್ಮ ಹಿಂದಿನ ರಸ್ತೆಯವನು, ಬಿ.ಎಸ್ಸಿ. ಓದುತ್ತಿದ್ದ, ಅಂದರೆ ಬಿ.ಎಸ್ಸಿ. ಅವನಿಗಾಗಿ ಕಾಯುತ್ತಿತ್ತು. ಮಾವ ತಂದದ್ದು ಎಂಟು ಮಿಲಿಮೀಟರಿನ ಒಂದು ಸಣ್ಣ ಮೂವಿ ಕ್ಯಾಮೆರಾ. ಅದಕ್ಕೆ ಕಣ್ಣಿತ್ತು, ಕಿವಿ ಇರಲಿಲ್ಲ. ಚಿತ್ರ ಹಿಡಿಯುತ್ತಿತ್ತು, ಮಾತು ಹಿಡಿಯುತ್ತಿರಲಿಲ್ಲ. ಎಮರ್ಜೆನ್ಸಿ ಮುಗಿದು ಎಲ್ಲರಿಗೂ ಒಂದೇ ವಾರದಲ್ಲಿ ಧೈರ್ಯ ಬಂದಿದ್ದ ಕಾಲ ಅದು. ಸೀನನಿಗೂ ಬಂತು. ಸಿನಿಮಾ ತೆಗೆಯುತ್ತೇನೆ, ಅದೂ ಹುಡುಗರ ಬಗ್ಗೆ, ಅದೂ ಮುಂದೆ ಬರುವ ಕೆಟ್ಟ ಕಾಲದ ಬಗ್ಗೆ, ಎಂದು ಘೋಷಿಸಿದ.

ಕಥೆ ಇಷ್ಟು. ಇಸವಿ ಎರಡು ಸಾವಿರ. ರಾಜಾಜಿನಗರದ ಒಂದೊಂದು ಬ್ಲಾಕಿಗೂ ಸುತ್ತ ಗೋಡೆ ಎದ್ದಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಪ್ರತಿ ಹುಡುಗ ಹುಡುಗಿಗೂ ಮಹಾ ತನಿಖಾಧಿಕಾರಿ ಎಂಬಾತ ಒಂದು ಟಿಕೆಟ್ ಕೊಡುತ್ತಾನೆ. ಅದರಲ್ಲಿ ಯಾವ ಬ್ಲಾಕ್ ಇದೆಯೋ, ಸಾಯುವವರೆಗೂ ಅಲ್ಲೇ. ಒಂದು ಬ್ಲಾಕಿನವರು ಅಪ್ಪಣೆ ಕೊಡುವವರು, ಒಂದು ಬ್ಲಾಕಿನವರು ಯಂತ್ರ ತಿರುಗಿಸುವವರು, ಇನ್ನೊಂದು ಬ್ಲಾಕಿನವರು ಬರೀ ಕ್ಯೂ ನಿಲ್ಲುವವರು. ಸೈರನ್ ಊದಿದರೆ ಏಳಬೇಕು, ಸೈರನ್ ಊದಿದರೆ ನೀರು ಹಿಡಿಯಬೇಕು. ಗೋಡೆ ದಾಟಿ ಟಿಕೆಟ್ ಹರಿದೆಸೆಯುವ ವೀರ ತರುಣನ ಪಾತ್ರ ನನಗೆ. ಬೇರೆ ಯಾರಿಗೆ ಕೊಡುತ್ತಾರೆ, ಹೇಳಿ. ಸೀನನ ತಂಗಿ ವಾಸಂತಿ ನಾಯಕಿ. ಆದರೆ ಅವರ ತಾಯಿ ಅದೇ ಸಂಜೆ ಕಥೆ ತಿದ್ದಿದರು: "ಪ್ರೀತಿಗೀತಿ ಇದ್ರೆ ಕ್ಯಾಮೆರಾ ಬಚ್ಚಲಿಗೆ ಹಾಕ್ತೀನಿ." ಹೀಗಾಗಿ ನಾಯಕಿ ನಾಯಕನ ಅಕ್ಕನಾದಳು. ಸಿನಿಮಾಕ್ಕೆ ಹೆಸರಿಡುವುದರಲ್ಲಿ ಜಗಳವಾಗಿ, ಅದು ಹೆಸರಿಲ್ಲದೆಯೇ ಹೊರಟಿತು.

ತನಿಖಾಧಿಕಾರಿ ಯಾರಾಗಬೇಕು? ಸೀನ ಹೇಳಿದ: "ಮಗಾ, ಬಟ್ಟೆ ಹೊಲಿಸೋಕೆ ನಮ್ಮತ್ರ ಕಾಸಿಲ್ಲ. ಯೂನಿಫಾರ್ಮ್ ಮನೇಲೇ ಇಟ್ಕೊಂಡಿರೋ ಸರ್ವಾಧಿಕಾರಿ ಬೇಕು ಗುರು."

ನಾವಿಬ್ಬರೂ ಎದುರುಮನೆಗೆ ಹೋದೆವು. ಸಾರ್ ಬನೀನಿನಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಸೀನ ಕಥೆ ಹೇಳಿದ. ಸಾರ್ ಎದ್ದು ಒಳಗೆ ಹೋದರು. ಬೈಯಲು ಆಂಟಿಯನ್ನು ಕಳಿಸುತ್ತಾರೇನೋ ಎಂದುಕೊಂಡೆವು. ತಲೆ ಬಾಚಿಕೊಂಡು, ಷರಟು ಹಾಕಿಕೊಂಡು ಅವರೇ ಬಂದರು.

"ಡೈಲಾಗ್ ಎಷ್ಟಿದೆ?"

"ಜಾಸ್ತಿನೇ ಇದೆ ಸಾರ್. ಎಲ್ರಿಗಿಂತ ಜಾಸ್ತಿ ನಿಮ್ದೇ."

"ಕೊನೇವರ್ಗೂ ಬದುಕಿರ್ತೀನಾ?"

"ಬದುಕಿರ್ತೀರ ಸಾರ್. ಸರ್ವಾಧಿಕಾರಿ ನೀವು."

ಅವರು ಮೆಲ್ಲಗೆ ಕುರ್ಚಿಯಲ್ಲಿ ಕೂತರು. "ಏನೇ, ಕಾಫಿ ಮಾಡು, ಮೂರು" ಎಂದು ಒಳಗೆ ಕೂಗಿದ ದನಿಯಲ್ಲಿ ಆಗಲೇ ಒಂದು ಸಾಮ್ರಾಜ್ಯ ಇತ್ತು.

ಶೂಟಿಂಗ್ ಭಾನುವಾರಗಳಂದು, ಇಂಡಸ್ಟ್ರಿಯಲ್ ಎಸ್ಟೇಟಿನ ಮುಚ್ಚಿದ ಶೆಡ್ಡುಗಳ ಹಿಂದಿನ ಉದ್ದನೆ ಗೋಡೆಯ ಹತ್ತಿರ. ಮೊದಲ ಭಾನುವಾರ ಸಾರ್ ನಟಿಸಿದರು. ಅದನ್ನು ಹೇಗೆ ಹೇಳಲಿ. ಹುಬ್ಬು ಹಣೆ ದಾಟಿ ತಲೆಗೂದಲಿಗೆ ಸೇರಿತು. ಎಡಗೈ ಸೊಂಟದ ಮೇಲೆ, ಬಲಗೈ ದೂರದ ಲಗ್ಗೆರೆ ಹಳ್ಳಿಯ ಕಡೆ. ನಗು ಶುರುವಾದರೆ, ಸೀನನ ಫಿಲಮ್ಮು ಮುಗಿದರೂ ನಗು ಮುಗಿಯುತ್ತಿರಲಿಲ್ಲ. ಗೋಡೆ ಬುಡದಲ್ಲಿ ಮಲಗಿದ್ದ ಒಂದು ನಾಯಿ ಎದ್ದು ನೋಡಿ ಬೇರೆ ಊರಿಗೆ ಹೋಯಿತು. ಸೀನನಿಗೆ ಹಿರಿಯರಿಗೆ ಹೇಳಲು ಧೈರ್ಯವಿಲ್ಲ. "ಸೂಪರ್ ಸಾರ್" ಎನ್ನುತ್ತ ಉಗುರು ಕಚ್ಚಿಕೊಂಡ. ವಾಸಂತಿಗೆ ಅಂಥ ತೊಂದರೆ ಏನೂ ಇರಲಿಲ್ಲ.

"ಸಾರ್, ನೀವು ಬಸ್ಸಿಗೆ ಹತ್ತಿದ್ರೆ ನಮಗೆ ಇದಕ್ಕಿಂತ ಜಾಸ್ತಿ ಭಯ ಆಗತ್ತೆ" ಎಂದಳು.

ಸಾರ್ ಅವಳನ್ನು, ಟಿಕೆಟ್ ನೋಡುವ ಹಾಗೆ, ಸ್ವಲ್ಪ ಹೊತ್ತು ನೋಡಿದರು. "ಈ ಭಾನುವಾರ ಬೇಡ. ಮುಂದಿನ ವಾರ ಮಾಡೋಣ" ಎಂದು ಕೋಟು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು.

ಆ ವಾರ ಏನು ನಡೆಯಿತೆಂದು ನನಗೆ ಆಂಟಿಯಿಂದ ಗೊತ್ತಾಯಿತು. ನಾನು ಕರಿಬೇವು ಕೇಳಲು ಹೋಗಿದ್ದೆ. "ನೋಡಪ್ಪ ತಮ್ಮ, ಇವ್ರಿಗೆ ಏನೋ ಆಗೈತಿ" ಎಂದು ದನಿ ತಗ್ಗಿಸಿದರು. "ಡ್ಯೂಟಿ ಮುಗ್ಸಿ ಬಂದು ಕೋಟು ಬಿಚ್ಚಂಗಿಲ್ಲ. ಕನ್ನಡಿ ಮುಂದ ನಿಂತು, ಹಳೇ ಟಿಕೆಟ್ ಹಿಡ್ಕಂಡು, ಹಿಂಗ್ ನೋಡ್ತಾರ, ಹಂಗ್ ನೋಡ್ತಾರ. ಅರ್ಧ ಆಯುಷ್ಯ ಮಾಡಿದ ಕೆಲಸಾನ ಈಗ ಕನ್ನಡಿ ಮುಂದ ಕಲಿಯಾಕತ್ತಾರ!" ನಾನು ನಕ್ಕು ಕರಿಬೇವು ಮರೆತು ಬಂದೆ. ಅವತ್ತು ನಮ್ಮ ಮನೆ ಸಾರಿಗೆ ಒಗ್ಗರಣೆಯಲ್ಲಿ ಬರೀ ಸಾಸಿವೆ.

ಮುಂದಿನ ಭಾನುವಾರ ಸಾರ್ ಬೇರೆಯೇ ಬಂದಿದ್ದರು. ಹುಬ್ಬು ಇದ್ದಲ್ಲೇ ಇತ್ತು. ಗೋಡೆ ದಾಟುವಾಗ ಸಿಕ್ಕಿಬಿದ್ದ ನನ್ನ ಮುಂದೆ ಬಂದು ನಿಂತು ಕೈ ಚಾಚಿದರು, ಅಷ್ಟೆ. ನಾನು ಆ ದೃಶ್ಯದಲ್ಲಿ ಎದೆಯುಬ್ಬಿಸಿ ನಿಲ್ಲಬೇಕಿತ್ತು. ನಿಂತೆ ಕೂಡ. ಆದರೆ ಫಿಲಮ್ಮು ತೊಳೆದು ಬಂದ ಮೇಲೆ ನೋಡಿದರೆ, ವೀರ ತರುಣ ಎರಡೂ ಜೇಬು ತಡಕಾಡುತ್ತಿದ್ದಾನೆ. ಅದು ನಿರ್ದೇಶಕರ ಕಲ್ಪನೆ ಎಂದು ಸೀನ ಎಲ್ಲರಿಗೂ ಹೇಳಿಕೊಂಡು ಬಂದ.

ಸಿನಿಮಾ ನಮ್ಮ ರಸ್ತೆಯ ಗಣೇಶನ ಪೆಂಡಾಲಿನಲ್ಲಿ ಬಿಡುಗಡೆಯಾಯಿತು. ಭಕ್ತಿಗೀತೆ ಮುಗಿದು ಆರ್ಕೆಸ್ಟ್ರಾದವರು ಕಾಫಿ ಕುಡಿದು ಬರುವಷ್ಟು ಹೊತ್ತು ನಮಗೆ ಕೊಟ್ಟಿದ್ದರು. ಎರಡು ಬೆಡ್‌ಶೀಟ್ ಜೋಡಿಸಿ ಹೊಲಿದದ್ದೇ ಪರದೆ. ಜನರ ಹಿಂದೆ ಪ್ರೊಜೆಕ್ಟರ್ ಹತ್ತಿರ ಸೀನ. ಸಿನಿಮಾಕ್ಕೆ ಮಾತಿಲ್ಲದ್ದರಿಂದ ನಾನು, ವಾಸಂತಿ, ಸಾರ್ ಮೂವರೂ ಪರದೆಯ ಹಿಂದೆ ಚಾಪೆ ಮೇಲೆ ಕೂತು, ಒಂದೇ ಮೈಕಿನಲ್ಲಿ, ಚಿತ್ರದ ಬಾಯಿ ನೋಡಿಕೊಂಡು ನಮ್ಮ ನಮ್ಮ ಮಾತು ಹೇಳಬೇಕಿತ್ತು. ಹಿಂದಿನಿಂದ ಎಲ್ಲವೂ ಎಡ ಬಲ ತಿರುಗಿ ಕಾಣುತ್ತದೆ. ನಾನು ಆ ಕಡೆಯಿಂದಲೂ ಅಷ್ಟೇ ಲಕ್ಷಣವಾಗಿ ಕಾಣುತ್ತಿದ್ದೆ.

ಮುಂದಿನ ಸಾಲಿನಲ್ಲಿ ಕಬ್ಬಿಣದ ಕುರ್ಚಿಯ ಮೇಲೆ, ಕೈಯಲ್ಲಿ ಕಡಲೆ ಉಸಲಿಯ ದೊನ್ನೆ ಹಿಡಿದು, ವಿಮರ್ಶಕರು ಕೂತಿದ್ದರು. ವಿಜಯನಗರದವರು, ಒಂದು ವಾರಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುತ್ತಿದ್ದರು. ಗಡ್ಡ, ಜುಬ್ಬ, ಹೆಗಲಿಗೆ ಜೋಳಿಗೆ. ದೊಡ್ಡ ದೊಡ್ಡ ನಟರ ಸಿನಿಮಾಗಳನ್ನೇ ಉಪ್ಪು ಹಾಕದೆ ಅಗಿಯುವ ಮನುಷ್ಯ. ಸೀನ ಮೂರು ತಿಂಗಳು ಅವರ ಮನೆ ಮುಂದೆ ಸೈಕಲ್ ನಿಲ್ಲಿಸಿ ಕರೆತಂದಿದ್ದ. ಸಾರ್ ಬೆಡ್‌ಶೀಟಿನ ಅಂಚಿನಿಂದ ಇಣುಕಿ ನೋಡಿ ಬಂದು, "ಬಂದಿದಾರೆ" ಎಂದು ಪಿಸುಗುಟ್ಟಿದರು. ಮೈಕು ಆನ್ ಆಗಿತ್ತು. ಇಡೀ ಪೆಂಡಾಲಿಗೆ "ಬಂದಿದಾರೆ" ಎಂದು ಕೇಳಿಸಿ, ಜನ ಯಾರೋ ಮಂತ್ರಿ ಬಂದರೆಂದು ಎದ್ದು ನಿಂತರು.

ಸಿನಿಮಾ ನಡೆಯಿತು. ಜನ ನಾವು ನಗಬೇಕೆಂದ ಕಡೆ ಸುಮ್ಮನಿದ್ದರು, ಅಳಬೇಕೆಂದ ಕಡೆ ಉಸಲಿ ತಿಂದರು. ನಾನು ಗೋಡೆ ಹಾರಿ ಸಿಕ್ಕಿಬೀಳುವ ದೃಶ್ಯ ಬಂತು. ಪರದೆಯ ಮೇಲೆ ಸಾರ್ ಕೈ ಚಾಚಿದರು. ಅಲ್ಲಿ ಅವರದು ಒಂದು ಉದ್ದದ ಮಾತಿತ್ತು: "ಎಲೈ ತರುಣ, ನಿನ್ನನ್ನು ಕೊನೆಯ ಬ್ಲಾಕಿನ ಕತ್ತಲಿಗೆ ದೂಡುತ್ತೇನೆ" ಎಂದು ಶುರುವಾಗುವುದು. ಅಷ್ಟರಲ್ಲಿ ಮೂಲೆಮನೆ ಅಜ್ಜಿ ಜನರ ಮಧ್ಯದಿಂದ ಪರದೆಗೇ ಕೈ ಮಾಡಿ ಕೂಗಿದರು: "ಬಿಟ್ಬುಡಪ್ಪ ಸಾಕು, ಮಗ ಬೆವೆತೋಗವ್ನೆ. ಒಂದ್ಸಲಕ್ಕೆ ಬಿಟ್ಬುಡು!"

ಜನ ನಕ್ಕರು. ಸಾರ್ ಮೈಕಿನ ಮುಂದೆ ಒಂದು ಉಸಿರು ತೆಗೆದುಕೊಂಡರು. ಆಮೇಲೆ, ಉದ್ದದ ಮಾತೆಲ್ಲ ಬಿಟ್ಟು, ದಿನಾ ಬಸ್ಸಿನಲ್ಲಿ ಮಾತಾಡುವ ದನಿಯಲ್ಲೇ ಹೇಳಿದರು:

"ಅಜ್ಜಿ, ನೀವು ಸುಮ್ನೆ ಕೂತ್ಕೊಳಿ. ನಿಮ್ಮ ಟಿಕೆಟ್ ಆಮೇಲೆ ನೋಡ್ತೀನಿ."

ನಗು ನಿಂತುಹೋಯಿತು. ಪರದೆಯ ಮೇಲಿನ ಮನುಷ್ಯ ಪೆಂಡಾಲಿನ ಒಳಗೆ ನೋಡುತ್ತಿದ್ದ. ಅಜ್ಜಿ ಕೂತು, ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ ಏನೋ ಹುಡುಕತೊಡಗಿದರು. ಅರ್ಧ ಪೆಂಡಾಲು ಜೇಬು ಮುಟ್ಟಿ ನೋಡಿಕೊಂಡಿತು. ಗಣೇಶನೂ ತನ್ನ ಕೈಯಲ್ಲಿರುವುದು ಕಡುಬೇ ಹೌದೋ ಅಲ್ಲವೋ ನೋಡಿಕೊಂಡಿರಬೇಕು.

ಪ್ರೊಜೆಕ್ಟರ್ ಹತ್ತಿರ ಸೀನ ತಲೆ ಚಚ್ಚಿಕೊಂಡ. ಸಾರಿಗೆ ಬಾಯಿತಪ್ಪಿ ಬಸ್ಸಿನ ಮಾತು ಬಂದುಬಿಟ್ಟಿತು ಎಂದೇ ನಾವೆಲ್ಲ ತಿಳಿದೆವು. ಸಿನಿಮಾ ಮುಗಿದ ಮೇಲೆ ವಿಮರ್ಶಕರು ದೊನ್ನೆಯನ್ನು ಕುರ್ಚಿಯ ಕೆಳಗಿಟ್ಟು ಹೊರಟುಹೋದರು.

ಊರಿನ ವಿಮರ್ಶೆ ಅಂದೇ ಬಂತು. ನಮ್ಮಮ್ಮ ಊಟಕ್ಕೆ ಬಡಿಸುತ್ತ ಕೇಳಿದಳು: "ಅಲ್ವೋ, ಆ ಊರಲ್ಲಿ ಸೈರನ್ ಊದಿದ ತಕ್ಷಣ ನಲ್ಲಿ ನೀರು ಬರ್ತಿತ್ತಲ್ಲ. ದಿನಾ ಟೈಮಿಗೆ ಸರಿಯಾಗಿ! ಅಂಥಾ ಊರು ಬಿಟ್ಟು ಯಾಕೋ ಓಡ್ಹೋದೆ?" ಬೆಳಿಗ್ಗೆ ನಲ್ಲಿ ಮುಂದೆ ಎಲ್ಲ ಹೆಂಗಸರದೂ ಅದೇ ಅಭಿಪ್ರಾಯ. ಸರ್ವಾಧಿಕಾರಿ ಒಳ್ಳೆಯವರು, ಹುಡುಗನದೇ ದುಡುಕು.

ವಾರಪತ್ರಿಕೆಯ ವಿಮರ್ಶೆಗೆ ಎರಡು ವಾರ ಕಾಯಬೇಕಾಯಿತು. ಸೀನ ಅದನ್ನು ಹಿಡಿದುಕೊಂಡು ಓಡಿಬಂದಾಗ ಸಾರ್ ಡ್ಯೂಟಿಯಿಂದ ಬಂದು ಕಾಲು ತೊಳೆಯುತ್ತಿದ್ದರು. ಒದ್ದೆ ಕಾಲಲ್ಲೇ ಜಗುಲಿಗೆ ಬಂದರು. ಸೀನ ಗಟ್ಟಿಯಾಗಿ ಓದಿದ. ನಿರ್ದೇಶಕನ ಹೆಸರಿತ್ತು, "ಆಸೆ ದೊಡ್ಡದು, ಬೆಡ್‌ಶೀಟು ಚಿಕ್ಕದು" ಎಂದು ಬರೆದಿದ್ದರು. ವಾಸಂತಿಯ ಹೆಸರಿತ್ತು, ಭರವಸೆ ಹುಟ್ಟಿಸುತ್ತಾಳಂತೆ. ನನ್ನ ಹೆಸರೂ ಇತ್ತು, "ಓಡುವಾಗ ಚೆನ್ನಾಗಿ ನಟಿಸುತ್ತಾನೆ, ಆದರೆ ನಡುನಡುವೆ ನಿಲ್ಲುತ್ತಾನೆ." ಇದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೇನೆ. ಆಮೇಲೆ ಸಾರ್ ಅವರ ಭಾಗ ಬಂತು.

"ಚಿತ್ರದ ನಿಜವಾದ ಬೆರಗು ತನಿಖಾಧಿಕಾರಿಯ ಪಾತ್ರ. ನಟನೊಬ್ಬನನ್ನು ಹುಡುಕುವ ಬದಲು ನಮ್ಮ ನಗರದ ನಿಜವಾದ ಬಸ್ ಇನ್ಸ್‌ಪೆಕ್ಟರ್ ಒಬ್ಬರನ್ನೇ ತಂದು ನಿಲ್ಲಿಸಿರುವುದು ನಿರ್ದೇಶಕರ ಜಾಣತನ. ಅವರು ನಟಿಸುವುದಿಲ್ಲ. ನಟಿಸಲು ಅವರಿಗೆ ಬರುವುದೂ ಇಲ್ಲ. ಇದ್ದ ಹಾಗೆ ಇರುತ್ತಾರೆ, ಅದೇ ಅವರ ಶಕ್ತಿ."

ಸಾರ್ ಪತ್ರಿಕೆ ತೆಗೆದುಕೊಂಡರು. ಬೆಳಕಿಗೆ ಹಿಡಿದರು. ಹಿಂಬದಿ ತಿರುಗಿಸಿದರು, ಅಲ್ಲಿ ಹಲ್ಲುಪುಡಿಯ ಜಾಹೀರಾತಿತ್ತು.

"ಸೀನಾ, ಇದು ಹೊಗಳಿಕೇನಾ?"

"ಭಾರೀ ಹೊಗಳಿಕೆ ಸಾರ್! ಈಗ ಹೊಸ ಥರದ ಸಿನಿಮಾದಲ್ಲಿ ನಟಿಸದೇ ಇರೋದೇ ದೊಡ್ಡದು."

"ಹಂಗಾದ್ರೆ ಹೆಸರು ಯಾಕಿಲ್ಲ?"

ಸೀನ ನನ್ನ ಕಡೆ ನೋಡಿದ. ನಾನು ಹಲ್ಲುಪುಡಿಯ ಕಡೆ ನೋಡಿದೆ.

"ನಟ ಅಲ್ಲ ಅಂದ್ಮೇಲೆ ಹೆಸರು ಯಾಕೆ ಹಾಕ್ತಾರೆ, ಅಲ್ವಾ" ಎಂದು ಅವರೇ ಉತ್ತರ ಹೇಳಿಕೊಂಡರು. ಪತ್ರಿಕೆ ಮಡಚುತ್ತ ಕೇಳಿದರು: "ಅಜ್ಜಿಗೆ ಹೇಳಿದ್ದು ಮಾತ್ರ ಚೆನ್ನಾಗ್ ಬಿತ್ತು, ಅಲ್ವಾ?"

"ಪರ್ವಾಗಿಲ್ಲ ಬಿಡಿ ಸಾರ್" ಎಂದೆ ನಾನು ಸಮಾಧಾನ ಮಾಡಲು. "ಬಾಯ್ತಪ್ಪಿ ಬಂದ್ರೂ ಜನಕ್ಕೆ ಗೊತ್ತಾಗ್ಲಿಲ್ಲ."

ಅವರು ಪತ್ರಿಕೆ ಮಡಚುತ್ತಿದ್ದ ಕೈ ನಿಲ್ಲಿಸಿದರು. "ಬಾಯ್ತಪ್ಪಿ? ಏ, ನಾನು ಉಸಿರು ತಗೊಂಡು ಯೋಚನೆ ಮಾಡ್ದೆ ಕಣೋ. ಆ ಅಜ್ಜಿ ಹಂಗಂದಾಗ ಎಲೈ ತರುಣ ಅಂದ್ರೆ ಎಲ್ಲಾ ಕೆಟ್ಟೋಗತ್ತೆ. ತನಿಖಾಧಿಕಾರಿ ಆಗಿದ್ರೆ ಏನಂತಿದ್ದ ಅಂತ ಹುಡುಕಿ ಹೇಳಿದ್ದು." ನಮ್ಮಿಬ್ಬರ ಮುಖವನ್ನೂ ನೋಡಿದರು. "ನೀವೂ ಹಂಗೇ ಅಂದ್ಕೊಂಡ್ರಾ?"

ನಾವು ಇಲ್ಲ ಎಂದೆವು. ಟಿಕೆಟ್ ಇಲ್ಲದವರು ಹೇಗೆ ಇಲ್ಲ ಎನ್ನುತ್ತಾರೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಆಮೇಲೆ ತಿಂಗಳುಗಟ್ಟಲೆ ಅವರು ಆ ಮಾತೆತ್ತಲಿಲ್ಲ. ಆ ವರ್ಷದ ರಾಜ್ಯೋತ್ಸವದ ನಾಟಕಕ್ಕೂ ಹೋಗಲಿಲ್ಲ. "ಎರಡನೇ ಮಂತ್ರಿ ಇಲ್ದೇನೂ ರಾಜ್ಯ ನಡೀತು ನೋಡು" ಎಂದು ಆಂಟಿ ನನ್ನ ಹತ್ತಿರ ನಕ್ಕರು, ಆದರೆ ಆ ನಗು ಅಡುಗೆಮನೆವರೆಗೂ ಹೋಗಲಿಲ್ಲ.

ಹೋದ ತಿಂಗಳು, ರಿಟೈರಾಗುವ ಹಿಂದಿನ ಸಂಜೆ, ಸಾರ್ ನನ್ನನ್ನು ಕರೆದರು. "ನಾಳೆ ಕೊನೇ ಡ್ಯೂಟಿ. ಬೆಳಿಗ್ಗೆ ನನ್ನ ಜೊತೆ ಬಾ. ಟಿಕೆಟ್ ತಗೋ."

ಮಾಗಡಿ ರೋಡಿನ ಟೋಲ್‌ಗೇಟ್ ಸ್ಟಾಪಿನಲ್ಲಿ ನಿಂತೆವು. ಅವರು ಎರಡು ಬಸ್ಸು ಬಿಟ್ಟರು. ವಿಜಯನಗರದಿಂದ ಮೆಜೆಸ್ಟಿಕ್‌ಗೆ ಹೋಗುವ ಮೂರನೆಯದು ಬಂದಾಗ "ಹತ್ತು" ಎಂದರು. ಹತ್ತಿ ನೋಡಿದರೆ, ಮಧ್ಯದ ಸೀಟಿನಲ್ಲಿ ಗಡ್ಡ, ಜುಬ್ಬ, ಜೋಳಿಗೆ. ಯಾವ ಪ್ಯಾಸೆಂಜರ್ ಯಾವ ಬಸ್ಸಿಗೆ ಬರುತ್ತಾನೆಂದು ಸಾರಿಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತಿರುತ್ತದೆ?

ಸಾರ್ ಮುಂದಿನಿಂದ ಒಬ್ಬೊಬ್ಬರ ಟಿಕೆಟನ್ನೇ ನೋಡುತ್ತ ಬಂದರು. ನನ್ನದನ್ನೂ ನೋಡಿದರು, ಗುರುತಿಲ್ಲದವರ ಹಾಗೆ. ವಿಮರ್ಶಕರು ಪುಸ್ತಕದಿಂದ ತಲೆ ಎತ್ತದೆ ಟಿಕೆಟ್ ಕೊಟ್ಟರು. ಸಾರ್ ತೆಗೆದುಕೊಂಡರು. ನೋಡಿದರು. ವಾಪಸ್ ಕೊಡಲಿಲ್ಲ.

"ಎಲ್ಲಿಗೆ ಹೋಗ್ಬೇಕು ಸಾರ್?"

"ಮೆಜೆಸ್ಟಿಕ್‌ಗೆ."

"ಎಲ್ಲಿ ಹತ್ತಿದ್ರಿ?"

"ವಿಜಯನಗರದಲ್ಲಿ ಹತ್ತಿದೆ. ಏಕೆ, ಏನಾದರೂ ದೋಷವಿದೆಯೇ?" ವಿಮರ್ಶಕರು ಇನ್ನೂ ವಾರಪತ್ರಿಕೆಯ ಕನ್ನಡದಲ್ಲೇ ಇದ್ದರು.

ಸಾರ್ ಟಿಕೆಟನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಈ ಟಿಕೆಟ್ ನಿಮ್ದೇನಾ?"

"ನನ್ನದೇ. ಕಂಡಕ್ಟರೇ ಕೊಟ್ಟದ್ದು."

ಕಂಡಕ್ಟರ್ ಹುಡುಗ ಹಿಂದಿನಿಂದ ನುಗ್ಗಿಕೊಂಡು ಬಂದ. ಬಾಯಿ ತೆರೆದ. ಸಾರ್ ಅವನ ಕಡೆ ನೋಡದೆಯೇ ಒಂದು ಬೆರಳೆತ್ತಿದರು. ಬಾಯಿ ತೆರೆದೇ ಉಳಿಯಿತು. ಅದರೊಳಗೆ ಒಂದು ಇಡ್ಲಿ ಇಡಬಹುದಿತ್ತು.

"ನಾನೇನೂ ಹೇಳ್ತಿಲ್ಲ ಸಾರ್" ಎಂದರು ಸಾರ್, ಮೃದುವಾಗಿ. "ನೀವು ಓದಿದೋರು. ನೀವೇ ಹೇಳಿ."

"ಏನು ಹೇಳಲಿ? ನಾನು... ಇನ್ನೊಂದು ಸಲ ನೋಡಿ ಸಾರ್." ಕನ್ನಡ ಒಂದು ಮೆಟ್ಟಿಲು ಇಳಿಯಿತು.

"ನೋಡ್ತಾ ಇದೀನಿ."

ಹಿಂದಿನ ಸೀಟಿನ ಒಬ್ಬಾಕೆ ಪಕ್ಕದವಳಿಗೆ ಹೇಳಿದಳು: "ಓದಿದೋರೇ ಹಿಂಗ್ ಮಾಡಿದ್ರೆ ನಮ್ಮಂತೋರ ಗತಿ ಏನಮ್ಮ."

ಬಾಗಿಲ ಹತ್ತಿರದ ಕಾರ್ಖಾನೆಯವನೊಬ್ಬ ಕೂಗಿದ: "ಚೀಲ ನೋಡಿ ಸಾರ್, ಚೀಲದಲ್ಲಿ ಇರ್ತದೆ!"

ವಿಮರ್ಶಕರು ಜೋಳಿಗೆಯನ್ನು ತೊಡೆಯ ಮೇಲೆ ಕೊಡವಿದರು. ಪುಸ್ತಕ, ಬಾಚಣಿಗೆ, ಅರ್ಧ ಬಾಳೆಹಣ್ಣು. "ಅಯ್ಯೋ, ನಾನು ದಿನಾ ಇದೇ ಬಸ್ಸಲ್ಲಿ ಬರೋನು ಸಾರ್. ನಿಮ್ಮ ದಮ್ಮಯ್ಯ, ನಾನು ಹಂಗೆ ಮಾಡೋನಲ್ಲ!" ಮೆಟ್ಟಿಲೆಲ್ಲ ಇಳಿದು ಕನ್ನಡ ನೆಲಕ್ಕೆ ಬಂದಿತ್ತು. ಸಾರ್ ಟಿಕೆಟಿನಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ವಿಮರ್ಶಕರು ಎದ್ದು ನಿಂತರು. "ಇಳೀತೀನಿ ಬಿಡಿ. ನಿಲ್ಸಿ. ಇಳ್ಕೋತೀನಿ."

"ಕೂತ್ಕೊಳಿ ಸಾರ್." ಸಾರ್ ಟಿಕೆಟನ್ನು ಎರಡು ಬೆರಳಲ್ಲಿ ಹಿಡಿದು ಅವರ ಕೈಗಿಟ್ಟರು. "ಟಿಕೆಟ್ ಸರಿಯಾಗಿದೆ. ತಪ್ಪಿದೆ ಅಂತ ನಾನು ಒಂದ್ಸಲಾನೂ ಹೇಳ್ಲಿಲ್ಲ."

"ಮತ್ತೆ ಇದೇನು?"

"ನಟಿಸ್ದೆ."

ವಿಮರ್ಶಕರು ಮೊದಲ ಸಲ ಖಾಕಿ ಕೋಟು ಬಿಟ್ಟು ಮುಖ ನೋಡಿದರು. ತುಂಬಾ ಹೊತ್ತು ನೋಡಿದರು. ಬಸ್ಸು ಎರಡು ಹಳ್ಳ ಹಾರಿತು.

"ಗಣೇಶನ ಪೆಂಡಾಲು" ಎಂದರು ಕೊನೆಗೆ. "ಆ ಅಜ್ಜಿಗೆ ಹೇಳಿದ್ದು..."

"ಅದೂನೂ."

ವಿಮರ್ಶಕರು ಕೂತರು. ಬಾಚಣಿಗೆಯನ್ನೂ ಬಾಳೆಹಣ್ಣನ್ನೂ ಚೀಲಕ್ಕೆ ಹಾಕಿಕೊಂಡು, ಜುಬ್ಬದ ತೋಳಿನಿಂದ ಕತ್ತು ಒರೆಸಿಕೊಂಡರು. "ತಪ್ಪಾಯ್ತು ನನ್ನಿಂದ. ನಿಮ್ಮ ಹೆಸರೇನು ಸಾರ್? ಈಗ ನೋಡಿದ್ದನ್ನ ಮುಂದಿನ ವಾರಾನೇ ಬರೀತೀನಿ."

ಸಾರ್ ಬಾಯಿ ತೆರೆದರು. ನಾನು ಆ ಹೆಸರು ಹೊರಗೆ ಬರುವುದನ್ನು ಕಾಯುತ್ತಿದ್ದೆ. ನಾನೇ ಕೂಗಿ ಹೇಳಿಬಿಡುತ್ತಿದ್ದೆ. ಅವರು ಕಂಡಕ್ಟರ್ ಹುಡುಗನ ಕಡೆ ನೋಡಿದರು. ತಮ್ಮ ಕೋಟಿನ ಕಡೆ ನೋಡಿಕೊಂಡರು.

"ಏನಂತ ಬರೀತೀರಿ? ಡ್ಯೂಟಿ ಮೇಲಿದ್ದೋನು ಪ್ಯಾಸೆಂಜರ್‌ನ ಆಟ ಆಡಿಸ್ದ ಅಂತ್ಲಾ? ಸಂಜೆ ರಿಟೈರಾಗ್ತೀನಿ ಸಾರ್. ಆಫೀಸ್ನೋರು ಓದಿದ್ರೆ ನನ್ನ ಕಾಗದಪತ್ರ ಎಲ್ಲಾ ಅಲ್ಲೇ ನಿಲ್ಲತ್ತೆ. ಈ ಕಂಡಕ್ಟರ್ ಹುಡುಗನ್ನೂ ಕರೀತಾರೆ, ನೀನು ಯಾಕಯ್ಯ ನೋಡ್ತಾ ನಿಂತಿದ್ದೆ ಅಂತ."

"ಇದು ಬೇಡ ಹಾಗಾದ್ರೆ. ಸಿನಿಮಾದ್ದು ಮಾತ್ರ ಬರೀತೀನಿ. ತಿದ್ದಿ ಬರೀತೀನಿ."

"ಅದನ್ನ ನೋಡ್ದಾಗ ನಿಮಗನ್ನಿಸ್ಲಿಲ್ಲವಲ್ಲ" ಎಂದರು ಸಾರ್. ದನಿಯಲ್ಲಿ ಕೋಪ ಇರಲಿಲ್ಲ. "ನಾನು ಬಂದು ಕೇಳಿದ್ಮೇಲೆ ಬರೆದ್ರೆ, ಅದು ಕೇಳಿ ಇಸ್ಕೊಂಡಂಗಾಯ್ತು. ಬೇಡ ಬಿಡಿ."

ಆಮೇಲೆ ಹಿಂದಿನ ಸೀಟಿನವರ ಟಿಕೆಟ್ ನೋಡಿದರು. ಓದಿದವರ ಬಗ್ಗೆ ಮಾತಾಡಿದ ಆ ಹೆಂಗಸಿನ ಹತ್ತಿರ ಟಿಕೆಟ್ ಇರಲಿಲ್ಲ ಎಂದರೆ ನೀವು ನಂಬುವುದಿಲ್ಲ, ಆದ್ದರಿಂದ ಹೇಳುವುದಿಲ್ಲ.

ಮುಂದಿನ ಸ್ಟಾಪಿನಲ್ಲಿ ನಾವಿಬ್ಬರೂ ಇಳಿದೆವು. ಬಸ್ಸು ಹೋಯಿತು. ಹಿಂದಿನ ಗಾಜಿನಲ್ಲಿ ಗಡ್ಡ ತಿರುಗಿ ನಮ್ಮನ್ನೇ ನೋಡುತ್ತಿತ್ತು.

"ಹೆಸರು ಹೇಳ್ಬಹುದಿತ್ತು ಸಾರ್" ಎಂದೆ. "ಕೇಳಿದ್ರಲ್ಲ."

"ಅದಿರ್ಲಿ ಬಿಡೋ" ಎಂದು ನನ್ನ ಭುಜ ಹಿಡಿದರು. ಕೈ ಬೆವೆತಿತ್ತು. "ಅವ್ರು ಎದ್ದು ನಿಂತ್ರಲ್ಲ, ಇಳೀತೀನಿ ಅಂತ. ಆಗ ಮುಖ ಹೆಂಗಿತ್ತು? ನಾನು ಟಿಕೆಟ್ ನೋಡ್ತಿದ್ದೆ. ತಲೆ ಎತ್ತಿದ್ರೆ ನಗು ಬಂದು ಎಲ್ಲಾ ಹಾಳಾಗ್ತಿತ್ತು. ಹೇಳು."

ಹೇಳಿದೆ. ಪೂರ್ತಿ ಹೇಳಿದೆ. ಸ್ಟಾಪಿನ ಕಂಬಕ್ಕೆ ಒರಗಿಕೊಂಡು ಕಣ್ಣು ಮುಚ್ಚಿ ಕೇಳಿದರು.

ಇದನ್ನೆಲ್ಲ ಬರೆಯುತ್ತೇನೆ ಎಂದಾಗ, "ಬರಿ, ನನ್ನ ಹೆಸರು ಮಾತ್ರ ಹಾಕ್ಬೇಡ, ಆಫೀಸಿಂದ ಇನ್ನೂ ಕಾಗದ ಬಂದಿಲ್ಲ" ಎಂದರು. ಈಗ ಸಂಜೆ ಹೊತ್ತು ಜಗುಲಿಯ ಮೇಲೆ ಕೂತಿರುತ್ತಾರೆ. ನಾನು ಕಾಲೇಜಿನಿಂದ ಬಂದರೆ ಕರೆದು, ಕಡಲೆಕಾಯಿ ಕೈಗೆ ಹಾಕಿ, "ಅದೇ, ಆ ಮುಖ, ಹೇಳು" ಅನ್ನುತ್ತಾರೆ. ನಾನೂ ಉದಾರಿ. ದಿನಕ್ಕೊಂದಿಷ್ಟು ಬೆವರು ಜಾಸ್ತಿ ಹಾಕುತ್ತೇನೆ, ಗಡ್ಡವನ್ನು ಇನ್ನಷ್ಟು ಅಲುಗಾಡಿಸುತ್ತೇನೆ. ನಿನ್ನೆ ವಿಮರ್ಶಕರ ಕೈ ಗಡಗಡ ನಡುಗುತ್ತಿತ್ತು ಎಂದೂ ಸೇರಿಸಿದೆ. ಸಾರ್ ತಕ್ಷಣ ಬೆರಳೆತ್ತಿದರು.

"ಕೈ ನಡುಗ್ಲಿಲ್ಲ ಕಣೋ. ಕೈ ನನಗೆ ಕಾಣ್ತಿತ್ತು. ಮುಖ ಮಾತ್ರ ನೀನು ಹೇಳು."